ಟೂಲ್ ಒಂದು, ಲೈಸೆನ್ಸ್ ಮೂರು: ಕೋಡ್ ಜನರೇಟರ್‌ನ ಲೈಸೆನ್ಸ್ ಬದಲಿಸಿದ ಬಗೆ

ಟೂಲ್‌ನಲ್ಲಿ ಬಗ್ ಇದ್ದರೆ ಯಾರಾದರೂ ಬಂದು ಹೇಳುತ್ತಾರೆ. ಲೈಸೆನ್ಸ್ ಹೊಂದಿಕೆಯಾಗದಿದ್ದರೆ ಯಾರೂ ಹೇಳುವುದಿಲ್ಲ. ಕಂಪನಿಯ ಲೈಸೆನ್ಸ್ ಸ್ಕ್ಯಾನರ್ ಬಿಲ್ಡ್ ನಿಲ್ಲಿಸುತ್ತದೆ, ಡೆವಲಪರ್ ಬೇರೆ ಟೂಲ್ ಹುಡುಕಿಕೊಂಡು ಹೋಗುತ್ತಾರೆ, ಅಷ್ಟೇ. ಎಜಿಪಿಎಲ್ (ತಿದ್ದಿದ ಕೋಡನ್ನು ನೆಟ್‌ವರ್ಕ್ ಮೂಲಕ ಬಳಸಲು ಕೊಟ್ಟರೂ ಸೋರ್ಸ್ ಕೊಡಬೇಕೆನ್ನುವ ಲೈಸೆನ್ಸ್) ಕೋಡನ್ನು ಕಂಪನಿಯ ಒಳಗೆ ಬಳಸಲೇಬಾರದು ಎಂದು ಗೂಗಲ್ ತನ್ನ ನೀತಿಯಲ್ಲಿ ಬಹಿರಂಗವಾಗಿಯೇ ಬರೆದಿದೆ. ಇಂಥದೇ ನಿಷೇಧದ ಪಟ್ಟಿ ಎಷ್ಟೋ ಕಂಪನಿಗಳ ಬಿಲ್ಡ್ ಸರ್ವರ್‌ನಲ್ಲಿ ಕೂತಿರುತ್ತದೆ.

ನಾನು ಲೈಸೆನ್ಸ್ ಬದಲಿಸಿದ್ದು ಸ್ಕೀಮಾ ಫೈಲ್ ಓದಿ ಗೋ ಮತ್ತು ಸಿ ಕೋಡ್ ಬರೆದುಕೊಡುವ ಒಂದು ಜನರೇಟರ್‌ಗೆ. ಇಡೀ ರೆಪೊ (ಕೋಡ್ ಸಂಗ್ರಹ) ಜಿಪಿಎಲ್ 3ರಲ್ಲಿತ್ತು; ಅದರ ಕೋಡ್ ಸೇರಿದ ಉತ್ಪನ್ನವನ್ನು ಹಂಚಿದರೆ ಉತ್ಪನ್ನದ ಸೋರ್ಸನ್ನೂ ಜಿಪಿಎಲ್‌ನಲ್ಲೇ ಕೊಡಬೇಕು. ಮೊದಲು ಮಾಡಿದ ಕೆಲಸ, ನಮ್ಮ ಕೋಡ್ ಬಳಕೆದಾರರ ಉತ್ಪನ್ನದೊಳಗೆ ಎಲ್ಲೆಲ್ಲಿ ಸೇರುತ್ತದೆ ಎಂದು ಗುರುತು ಹಾಕಿದ್ದು. ಜನರೇಟರ್ ಅವರ ಯಂತ್ರದಲ್ಲಿ ಓಡಿ ಸುಮ್ಮನಾಗುತ್ತದೆ. ರನ್‌ಟೈಮ್ ಲೈಬ್ರರಿ ಅವರ ಬೈನರಿಯೊಳಗೆ ಲಿಂಕ್ ಆಗುತ್ತದೆ. ಟೆಂಪ್ಲೇಟ್‌ನ ಸಾಲುಗಳಂತೂ ಅವರ ಸೋರ್ಸ್ ಫೈಲಿಗೇ ನಕಲಾಗುತ್ತವೆ. ಪಾರ್ಸರ್ ಕೋಡ್ ಬರೆದುಕೊಡುವ ಬೈಸನ್ ಟೂಲ್‌ನ ಚೌಕಟ್ಟು ಔಟ್‌ಪುಟ್‌ಗೆ ನಕಲಾಗುವುದರಿಂದಲೇ ಅದರ ಜಿಪಿಎಲ್‌ಗೆ ವಿಶೇಷ ವಿನಾಯಿತಿ ಜೋಡಿಸಿದ್ದಾರೆ. ಜಿಸಿಸಿ ಕಂಪೈಲರ್‌ನ ರನ್‌ಟೈಮ್ ಲೈಬ್ರರಿಗೂ ಹಾಗೆಯೇ. ನಮ್ಮಲ್ಲಿ ಅಂಥ ವಿನಾಯಿತಿ ಇರಲಿಲ್ಲ. ಜನರು ಹಿಂಜರಿಯುತ್ತಿದ್ದುದು ಟೂಲ್‌ಗಲ್ಲ, ಟೂಲ್ ಬರೆದುಕೊಟ್ಟ ಫೈಲಿಗೆ.

ಟೆಂಪ್ಲೇಟ್‌ಗಳಿಗೆ ಎಂಐಟಿ-0 ಹಾಕಿದೆ. ಮಾಮೂಲಿ ಎಂಐಟಿ ಸಾಲದೇ ಎಂದು ಕೇಳುವವರಿದ್ದಾರೆ. ಎಂಐಟಿಯಲ್ಲಿ ಕಾಪಿರೈಟ್ ಸೂಚನೆಯನ್ನು ಪ್ರತಿ ನಕಲಿನಲ್ಲೂ ಉಳಿಸಬೇಕೆಂಬ ಷರತ್ತು ಇದೆ. ಜನರೇಟ್ ಆದ ನೂರಾರು ಫೈಲುಗಳಿಗೆ ಅದು ಬರೀ ಹೊರೆ. ಎಂಐಟಿ-0ರಲ್ಲಿ ಆ ಷರತ್ತಿಲ್ಲ. ಎಲ್ಲ ಕಾಪಿರೈಟ್ ಹಕ್ಕು ಬಿಟ್ಟುಕೊಡುವ ಸಿಸಿ0 ಬೇಡ ಎಂದೆ, ಏಕೆಂದರೆ ಅದು ಪೇಟೆಂಟ್ ಹಕ್ಕನ್ನು ಸ್ಪಷ್ಟವಾಗಿ ಹೊರಗಿಡುತ್ತದೆ, ಆ ಕಾರಣಕ್ಕೇ ಲಿನಕ್ಸ್ ವಿತರಣೆ ಫೆಡೋರಾ 2022ರಲ್ಲಿ ಕೋಡ್‌ಗೆ ಅದನ್ನು ಒಪ್ಪುವುದು ನಿಲ್ಲಿಸಿತು.

ರನ್‌ಟೈಮ್‌ಗೆ ಎಲ್‌ಜಿಪಿಎಲ್ (ಲೈಬ್ರರಿಗಳಿಗಾಗಿ ಸಡಿಲಿಸಿದ ಜಿಪಿಎಲ್) ಸಾಕು ಎಂಬ ಸಲಹೆ ಬಂದಿತ್ತು. ಡೈನಾಮಿಕ್ ಲಿಂಕಿಂಗ್ (ಲೈಬ್ರರಿ ಬೇರೆ ಫೈಲಾಗಿ ಉಳಿಯುವ ವಿಧಾನ) ಇರುವ ಕಡೆ ಅದು ಸರಿಯೇ. ಗೋ ಸಾಮಾನ್ಯವಾಗಿ ಎಲ್ಲವನ್ನೂ ಒಂದೇ ಬೈನರಿಗೆ ಸ್ಟ್ಯಾಟಿಕ್ ಆಗಿ ಕಟ್ಟುತ್ತದೆ. ಆಗ ಲೈಬ್ರರಿ ಬದಲಿಸಿ ಮತ್ತೆ ಲಿಂಕ್ ಮಾಡಲು ಬೇಕಾದ ಆಬ್ಜೆಕ್ಟ್ ಫೈಲುಗಳನ್ನೋ ಸೋರ್ಸನ್ನೋ ಕೊಡುವ ಹೊಣೆ ಬಳಕೆದಾರರ ಮೇಲೆ ಬೀಳುತ್ತದೆ. ಯಾವ ಕಂಪನಿಯೂ ಅದಕ್ಕೆ ಕೈ ಹಾಕುವುದಿಲ್ಲ. ಅಪಾಚೆ 2.0 ಮಾತ್ರ ಇಟ್ಟರೆ ಜಿಪಿಎಲ್ 2ಕ್ಕೆ ಮಾತ್ರ ಕಟ್ಟುಬಿದ್ದ ಯೋಜನೆಗಳಿಗೆ ಹೊಂದುವುದಿಲ್ಲ. ಎಂಐಟಿ ಮಾತ್ರ ಇಟ್ಟರೆ ಪೇಟೆಂಟ್ ಬಗ್ಗೆ ಸ್ಪಷ್ಟ ಮಾತಿಲ್ಲ. ಹಾಗಾಗಿ ರಸ್ಟ್ ಭಾಷೆಯವರ ದಾರಿ ಹಿಡಿದೆ: ಎಂಐಟಿ ಅಥವಾ ಅಪಾಚೆ 2.0, ಬೇಕಾದ್ದನ್ನು ಆರಿಸಿಕೊಳ್ಳಿ. ಪೇಟೆಂಟ್ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಫೇಸ್‌ಬುಕ್‌ನ ರಿಯಾಕ್ಟ್ ಲೈಬ್ರರಿ ಜೊತೆಗಿದ್ದ ಪೇಟೆಂಟ್ ಷರತ್ತಿನ ಕಾರಣಕ್ಕೆ 2017ರ ಜುಲೈನಲ್ಲಿ ಅಪಾಚೆ ಫೌಂಡೇಶನ್ ಅದನ್ನು ತನ್ನ ಯೋಜನೆಗಳಲ್ಲಿ ನಿಷೇಧಿಸಿತು. ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ಎಂಐಟಿಗೆ ಬಂತು.

ಜನರೇಟರ್‌ಗೆ ಎಂಪಿಎಲ್ 2.0. ಅದರ ಕಟ್ಟುಪಾಡು ಫೈಲಿನ ಮಟ್ಟಕ್ಕೆ ನಿಲ್ಲುತ್ತದೆ. ನಮ್ಮ ಫೈಲನ್ನು ತಿದ್ದಿ ಹಂಚಿದರೆ ತಿದ್ದಿದ್ದನ್ನು ಕೊಡಬೇಕು, ಪಕ್ಕದಲ್ಲಿ ಬರೆದ ಎಡಿಟರ್ ಪ್ಲಗಿನ್ ಅವರದ್ದೇ.

ಇಲ್ಲಿಯವರೆಗೆ ಸುಲಭ. ಕಷ್ಟವಿರುವುದು ಕೊಡುಗೆದಾರರ ಒಪ್ಪಿಗೆಯಲ್ಲಿ: ಅವರವರ ಕೋಡ್‌ನ ಹಕ್ಕು ಅವರದ್ದೇ, ಅವರು ಒಪ್ಪದೆ ಲೈಸೆನ್ಸ್ ಬದಲಿಸುವಂತಿಲ್ಲ. ಗಿಟ್‌ನ ಶಾರ್ಟ್‌ಲಾಗ್ ಕೊಡುವ ಹೆಸರುಗಳ ಪಟ್ಟಿ ಪೂರ್ತಿಯಲ್ಲ. ಒಬ್ಬರೇ ಮೂರು ಇಮೇಲ್‌ನಿಂದ ಕಮಿಟ್ ಮಾಡಿರುತ್ತಾರೆ, ಅದನ್ನು ಮೇಲ್‌ಮ್ಯಾಪ್ ಫೈಲಿನಲ್ಲಿ ಒಂದಾಗಿಸಬೇಕು. ಸ್ಕ್ವಾಶ್ ಮಾಡಿದ (ಹಲವನ್ನು ಒಂದಾಗಿಸಿದ) ಕಮಿಟ್‌ಗಳಲ್ಲಿ ಸಹಲೇಖಕರ ಹೆಸರು ಸಂದೇಶದ ಕೊನೆಯ ಸಾಲಿನಲ್ಲಷ್ಟೇ ಇರುತ್ತದೆ, ಅದನ್ನು ಬೇರೆಯಾಗಿ ತೆಗೆಯಬೇಕು. ಮೇಲ್‌ನಲ್ಲಿ ಬಂದ ಪ್ಯಾಚನ್ನು ನಾವೇ ಕಮಿಟ್ ಮಾಡಿದ್ದರೆ ನಿಜವಾದ ಲೇಖಕರು ಎಲ್ಲೂ ಕಾಣುವುದಿಲ್ಲ. ಹಳೆಯ ಮೇಲ್‌ಗಳನ್ನೇ ತೆರೆದು ನೋಡಬೇಕು. ಆಮೇಲೆ, ಸಾಲುಗಳ ಸ್ಥಳಾಂತರವನ್ನೂ ಗುರುತಿಸುವ ಆಯ್ಕೆಗಳೊಂದಿಗೆ ಗಿಟ್‌ನ ಬ್ಲೇಮ್ ಆಜ್ಞೆ ಓಡಿಸಿ ಯಾರ ಸಾಲು ಇನ್ನೂ ಉಳಿದಿದೆ ಎಂದು ನೋಡಿದೆ.

ಪ್ರತಿಯೊಬ್ಬರಿಗೂ ಒಂದೇ ವಾಕ್ಯ ಕಳಿಸಿ, ಅದನ್ನೇ ಸಾರ್ವಜನಿಕ ಟಿಕೆಟ್‌ನಲ್ಲಿ ಬರೆಯಲು ಕೇಳಿದೆ: ‘ನನ್ನ ಹಿಂದಿನ ಕೊಡುಗೆಗಳನ್ನು ಈ ಲೈಸೆನ್ಸ್‌ಗಳಲ್ಲಿ ಹಂಚಲು ಒಪ್ಪಿದ್ದೇನೆ.’ ಬರೀ ಹೆಬ್ಬೆಟ್ಟಿನ ಎಮೋಜಿ ಒಪ್ಪಿಗೆಯಲ್ಲ, ಮೌನವಂತೂ ಅಲ್ಲವೇ ಅಲ್ಲ. ಉತ್ತರ ಬರದವರ ಬದಲಾವಣೆ ಒಂದೆರಡು ಸಾಲಿನದಾದರೆ ಬಿಟ್ಟುಬಿಡಬಹುದು; ಜಿಎನ್‌ಯು ಯೋಜನೆ ಸುಮಾರು 15 ಸಾಲಿಗಿಂತ ಕಡಿಮೆಯದನ್ನು ಕಾಪಿರೈಟ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೊಡ್ಡದಾದರೆ ಆ ಭಾಗ ಅಳಿಸಿ, ಅದು ಏನು ಮಾಡಬೇಕೆಂದಷ್ಟೇ ಬರೆದಿಟ್ಟು, ಹಳೆಯ ಕೋಡ್ ನೋಡದವರಿಂದ ಹೊಸದಾಗಿ ಬರೆಸಬೇಕು.

ನಮ್ಮವರು ಎಡವುವುದು ಇನ್ನೊಂದು ಕಡೆ. ಭಾರತದ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಉದ್ಯೋಗದ ಭಾಗವಾಗಿ ಬರೆದ ಕೋಡ್‌ನ ಮೊದಲ ಒಡೆತನ ಕಂಪನಿಯದು. ಬೆಂಗಳೂರಿನ ಗೆಳೆಯರು ಆಫೀಸ್ ಇಮೇಲ್‌ನಿಂದ ಕಮಿಟ್ ಮಾಡಿದ್ದಲ್ಲೆಲ್ಲ ಕಂಪನಿಯ ಒಪ್ಪಿಗೆಯನ್ನೂ ಕೇಳಿದೆ. ಇದಲ್ಲದೆ 19ನೇ ಸೆಕ್ಷನ್ ಇದೆ: ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಎಣಿಸಲಾಗುತ್ತದೆ. 30ಎ ಸೆಕ್ಷನ್ ಇದನ್ನು ಲೈಸೆನ್ಸ್‌ಗೂ ಅನ್ವಯಿಸುತ್ತದೆ. ಆದ್ದರಿಂದ ಒಪ್ಪಿಗೆಯ ವಾಕ್ಯಕ್ಕೆ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂಬ ಪದಗಳನ್ನು ಸೇರಿಸಿದೆ. ಎರಡೇ ಪದ, ಆದರೆ ಬಿಡಬೇಡಿ.

ಮುಂದಿನ ಕೊಡುಗೆಗಳಿಗೆ ಸಿಎಲ್‌ಎ (ಕೊಡುಗೆಯ ಹಕ್ಕುಗಳನ್ನು ಯೋಜನೆಯವರಿಗೆ ಕೊಡುವ ಒಪ್ಪಂದ) ಬೇಡ, ಡಿಸಿಒ (ಈ ಕೋಡ್ ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ) ಸಾಕು ಎಂದು ತೀರ್ಮಾನಿಸಿದೆ. ಕಮಿಟ್‌ಗೆ ಸಹಿ ಸಾಲು ಇದ್ದರೆ ಆಯಿತು. ಎಲ್ಲರ ಹಕ್ಕು ಒಬ್ಬರ ಕೈಗೆ ಸೇರಿದರೆ ಅವರು ನಾಳೆ ಬಾಗಿಲು ಹಾಕಬಹುದು. ಸರ್ವರ್ ವ್ಯವಸ್ಥೆ ಕಟ್ಟುವ ಟೂಲ್ ಟೆರಾಫಾರ್ಮ್ 2023ರ ಆಗಸ್ಟ್‌ನಲ್ಲಿ ಎಂಪಿಎಲ್ ಬಿಟ್ಟು ಸ್ಪರ್ಧಿಗಳ ಬಳಕೆಗೆ ತಡೆ ಹಾಕುವ ಬಿಎಸ್‌ಎಲ್‌ಗೆ ಹೋದಾಗ ಅದರ ಹಳೆಯ ಕೋಡ್‌ನಿಂದ ಓಪನ್‌ಟೋಫು ಹುಟ್ಟಿತು. 2024ರ ಮಾರ್ಚ್‌ನಲ್ಲಿ ರೆಡಿಸ್ ಡೇಟಾಬೇಸ್ ಬಿಎಸ್‌ಡಿ ಲೈಸೆನ್ಸ್ ಬಿಟ್ಟಾಗ ಹಾಗೆಯೇ ವಾಲ್ಕಿ. ಅದಾದ ಮೇಲೆ ಟೂಲ್ ಆರಿಸುವವರು ಇಂದಿನ ಲೈಸೆನ್ಸ್ ಜೊತೆಗೆ ಅದನ್ನು ಬದಲಿಸುವ ಅಧಿಕಾರ ಯಾರಲ್ಲಿದೆ ಎಂದೂ ಕೇಳುತ್ತಾರೆ. ಕೇಳಲೇಬೇಕು.

ಡಿಪೆಂಡೆನ್ಸಿಗಳಲ್ಲಿ ಸಿಕ್ಕಿಬಿದ್ದದ್ದು ಟರ್ಮಿನಲ್‌ನಲ್ಲಿ ಸಾಲು ತಿದ್ದಲು ನೆರವಾಗುವ ರೀಡ್‌ಲೈನ್ ಲೈಬ್ರರಿ. ಅದು ಜಿಪಿಎಲ್, ಅದನ್ನು ಲಿಂಕ್ ಮಾಡಿದ ಬೈನರಿಯನ್ನು ಜಿಪಿಎಲ್‌ನಲ್ಲೇ ಹಂಚಬೇಕಾಗುತ್ತಿತ್ತು. ಬಿಎಸ್‌ಡಿ ಲೈಸೆನ್ಸ್‌ನ ಲಿಬ್‌ಎಡಿಟ್ ಹಾಕಿಕೊಂಡೆ.

ಕೊನೆಗೆ ಫೈಲುಗಳ ಕೆಲಸ. ಪ್ರತಿ ಫೈಲಿನ ತಲೆಗೆ ಲೈಸೆನ್ಸ್ ಹೆಸರಿಸುವ ಎಸ್‌ಪಿಡಿಎಕ್ಸ್ ಸಾಲು ಹಾಕಿ, ರಿಯೂಸ್ ಟೂಲ್‌ನಿಂದ ಪರೀಕ್ಷಿಸಿದೆ. ಐಕಾನ್, ಟೆಸ್ಟ್ ಡೇಟಾ ಬಿಟ್ಟುಹೋಗಿದ್ದರೆ ಅದು ಹೇಳಿಬಿಡುತ್ತದೆ. ಲೈಸೆನ್ಸ್ ಪಠ್ಯವನ್ನು ಒಂದಕ್ಷರ ತಿದ್ದದೆ ಹಾಗೇ ಇಡಬೇಕು. ಮೇಲೊಂದು ವಿವರಣೆ ಸೇರಿಸಿದರೂ ಗಿಟ್‌ಹಬ್ ಅದನ್ನು ಗುರುತಿಸದೆ ಹೋಗಬಹುದು. ಗೋ ಪ್ಯಾಕೇಜ್‌ಗಳ ಅಧಿಕೃತ ತಾಣವಂತೂ ಮರುಹಂಚಿಕೆಗೆ ಒಪ್ಪುವ ಲೈಸೆನ್ಸ್ ಪತ್ತೆಯಾಗದಿದ್ದರೆ ದಸ್ತಾವೇಜನ್ನೇ ತೋರಿಸುವುದಿಲ್ಲ. ಲೈಸೆನ್ಸ್ ಬದಲಾವಣೆಯ ಕಮಿಟ್‌ನಲ್ಲಿ ಬೇರೇನನ್ನೂ ಸೇರಿಸಲಿಲ್ಲ, ಮುಖ್ಯ ಆವೃತ್ತಿ ಸಂಖ್ಯೆಯನ್ನು ಒಂದು ಏರಿಸಿದೆ. ಅದಕ್ಕಿಂತ ಹಿಂದಿನ ಬಿಡುಗಡೆಗಳು ಜಿಪಿಎಲ್ 3ರಲ್ಲೇ ಉಳಿದಿವೆ. ಹಳೆಯ ಆವೃತ್ತಿಯಿಂದ ಜನರೇಟ್ ಮಾಡಿದ ಫೈಲುಗಳಿಗೂ ಹೊಸ ಷರತ್ತು ಬೇಕೆನ್ನುವವರು ಹೊಸ ಆವೃತ್ತಿಯಲ್ಲಿ ಒಮ್ಮೆ ಮತ್ತೆ ಜನರೇಟ್ ಮಾಡಿಕೊಳ್ಳಬೇಕು ಎಂದು ಬಿಡುಗಡೆ ಟಿಪ್ಪಣಿಯ ಮೊದಲ ಸಾಲಿನಲ್ಲೇ ಬರೆದೆ.