ಸೋತ ರಾತ್ರಿಯೇ ನಮಗೆ ಹೆಚ್ಚು ಕೆಲಸ

ಗೆದ್ದ ದಿನ ಫುಟ್‌ಬಾಲ್ ಕ್ಲಬ್ಬಿನ ಮಾಧ್ಯಮ ವಿಭಾಗದವರಿಗೆ ಕೆಲಸ ಹಗುರ. ಆಟಗಾರರು ತಾವಾಗಿಯೇ ಕ್ಯಾಮೆರಾ ಮುಂದೆ ಬರುತ್ತಾರೆ, ಏನು ಬರೆದರೂ ಅಭಿಮಾನಿಗಳು ಮೆಚ್ಚುತ್ತಾರೆ. ಸೋತ ದಿನ ಹಾಗಲ್ಲ. ಯಾರು ಮಾತನಾಡಬೇಕು, ಯಾವ ಚಿತ್ರ ಹಾಕಬೇಕು, ಯಾವುದನ್ನು ನಾಳೆಗೆ ಬಿಡಬೇಕು ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕು. ಬೆಂಗಳೂರು ಎಫ್‌ಸಿಯಲ್ಲಿ ಈ ಕೆಲಸ ಮಾಡುತ್ತ ನನಗೆ ಮನದಟ್ಟಾದದ್ದು ಒಂದೇ: ಸೋಲನ್ನು ಮುಚ್ಚಿಡಬಾರದು.

ಪಂದ್ಯದ ಕೆಲಸ ಹಿಂದಿನ ದಿನವೇ ಶುರುವಾಗುತ್ತದೆ. ಅಂದಿನ ಪತ್ರಿಕಾಗೋಷ್ಠಿಗೆ ಕೋಚ್ ಮತ್ತು ಒಬ್ಬ ಆಟಗಾರ ಬರುತ್ತಾರೆ. ಅದಕ್ಕೂ ಮೊದಲು ಕೋಚ್ ಜೊತೆ ಕುಳಿತು, ಯಾರಿಗೆ ಗಾಯವಾಗಿದೆ, ಅದರಲ್ಲಿ ಎಷ್ಟನ್ನು ಹೇಳಬಹುದು, ವರದಿಗಾರರು ಏನು ಕೇಳಬಹುದು ಎಂದು ಮಾತನಾಡಿಕೊಳ್ಳುತ್ತೇನೆ. ಉತ್ತರವನ್ನು ಬಾಯಿಪಾಠ ಮಾಡಿಸುವುದಿಲ್ಲ. ಹಾಗೆ ಮಾಡಿಸಿದರೆ ವರದಿಗಾರರಿಗೆ ತಕ್ಷಣ ಗೊತ್ತಾಗುತ್ತದೆ.

ಪಂದ್ಯದ ದಿನ ಕಂಠೀರವ ಕ್ರೀಡಾಂಗಣಕ್ಕೆ ತಂಡಕ್ಕಿಂತ ಮೊದಲೇ ತಲುಪುತ್ತೇವೆ. ಕಿಟ್ ನೋಡಿಕೊಳ್ಳುವವರು ಡ್ರೆಸಿಂಗ್ ರೂಮಿನಲ್ಲಿ ಜೆರ್ಸಿಗಳನ್ನು ಸಾಲಾಗಿ ತೂಗುಹಾಕಿದ ಕೂಡಲೇ ನಮ್ಮ ಛಾಯಾಗ್ರಾಹಕ ಅವುಗಳ ಚಿತ್ರ ತೆಗೆಯುತ್ತಾನೆ. ನೋಡಲು ಸೊಗಸಾದ ಚಿತ್ರ. ಆದರೆ ಯಾವ ಜೆರ್ಸಿಗಳು ಒಟ್ಟಿಗಿವೆ, ಯಾವುವು ಮೂಲೆಯಲ್ಲಿವೆ ಎಂದು ನೋಡಿಯೇ ಆಡುವ ಹನ್ನೊಂದು ಮಂದಿಯನ್ನು ಜಾಣರು ಊಹಿಸಿಬಿಡುತ್ತಾರೆ. ಹಾಗಾಗಿ ತಂಡ ಪ್ರಕಟವಾಗುವವರೆಗೆ ಆ ಚಿತ್ರ ಹೊರಗೆ ಹೋಗುವುದಿಲ್ಲ. ಹಿಂದಿನ ಗೋಡೆಯ ಬಿಳಿ ಹಲಗೆಯ ಮೇಲೆ ಕೋಚ್ ಬರೆದ ಗೆರೆಗಳು ಚೌಕಟ್ಟಿನೊಳಗೆ ಬಂದಿವೆಯೇ ಎಂದು ಚಿತ್ರವನ್ನು ಹಿಗ್ಗಿಸಿ ನೋಡುತ್ತೇನೆ. ಆಮೇಲೆ, ಪಂದ್ಯದ ಅಧಿಕಾರಿಗಳಿಗೆ ಕೊಟ್ಟ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿ ಹೆಸರು, ಪ್ರತಿ ಸಂಖ್ಯೆಯನ್ನು ಸಹೋದ್ಯೋಗಿಯೊಬ್ಬರು ಗಟ್ಟಿಯಾಗಿ ಓದುತ್ತಾರೆ, ನಾನು ತಾಳೆ ನೋಡುತ್ತೇನೆ.

ಪಂದ್ಯ ನಡೆಯುವಾಗ ಅವಸರ ಸಲ್ಲದು. 2023ರ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪ್ಲೇಆಫ್, ಅಂದರೆ ಸೋತವರು ಹೊರಬೀಳುವ ಪಂದ್ಯವನ್ನೇ ನೋಡಿ. ಹೆಚ್ಚುವರಿ ಅವಧಿಯಲ್ಲಿ ನಮ್ಮ ಸುನಿಲ್ ಚೆಟ್ರಿ ಫ್ರೀಕಿಕ್ ಅನ್ನು ಥಟ್ಟನೆ ಒದ್ದು ಗೋಲು ಹೊಡೆದರು. ತಾವು ಸಿದ್ಧರಾಗುವ ಮೊದಲೇ ಒದ್ದರೆಂದು ಎದುರಾಳಿಗಳು ಪ್ರತಿಭಟಿಸಿ ಮೈದಾನದಿಂದ ಹೊರನಡೆದರು. ಪಂದ್ಯ ಮುಗಿಯಿತೇ, ಮುಂದುವರಿಯುತ್ತದೆಯೇ ಎಂದು ಯಾರಿಗೂ ತಿಳಿಯದ ಅಂಥ ಹೊತ್ತಿನಲ್ಲಿ ಕ್ಲಬ್ಬಿನ ಖಾತೆಯಿಂದ ಹೊರಡುವ ಒಂದೇ ಒಂದು ಪದವೂ ಅಧಿಕೃತ ಹೇಳಿಕೆಯಾಗುತ್ತದೆ. ಗೋಲು ಬಂದಿದೆ ಎಂದು ಹೇಳಬಹುದು, ಗೆದ್ದೆವು ಎಂದು ಅಧಿಕಾರಿಗಳ ತೀರ್ಮಾನಕ್ಕೆ ಮೊದಲು ಹೇಳುವಂತಿಲ್ಲ. ಲಕ್ಷಾಂತರ ಜನ ಕಾಯುತ್ತಿದ್ದರೂ ಸುಮ್ಮನಿರುವುದೇ ಆಗ ಸರಿಯಾದ ಕೆಲಸ.

ಫೈನಲ್ ಪಂದ್ಯಗಳಿಗೆ ಗೆದ್ದರೆ ಹಾಕುವ ಚಿತ್ರ, ಸೋತರೆ ಹಾಕುವ ಚಿತ್ರ ಎರಡನ್ನೂ ಮುಂಚೆಯೇ ತಯಾರಿಸಿಟ್ಟುಕೊಳ್ಳಬೇಕು. ಎರಡನೆಯದನ್ನು ಮಾಡುವುದು ಅಪಶಕುನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2018ರ ಮಾರ್ಚ್ 17ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ನಮ್ಮದೇ ಕಂಠೀರವದಲ್ಲಿತ್ತು. ಚೆಟ್ರಿ ಆರಂಭದಲ್ಲೇ ಗೋಲು ಹೊಡೆದರೂ ಚೆನ್ನೈಯಿನ್ ಎಫ್‌ಸಿ 3–2ರಿಂದ ಗೆದ್ದಿತು. ತುಂಬಿದ ಕ್ರೀಡಾಂಗಣದಲ್ಲಿ ಅಭಿಮಾನಿಗಳು ಸೋಲನ್ನು ಕಣ್ಣಾರೆ ಕಂಡಿರುವಾಗ ಫಲಿತಾಂಶವನ್ನು ಚಿಕ್ಕ ಅಕ್ಷರದಲ್ಲಿ ಬರೆಯುವುದು ಅವರಿಗೆ ಮಾಡುವ ಅವಮಾನ. ಗೆದ್ದಾಗ ಎಷ್ಟು ದೊಡ್ಡ ಅಂಕಿಯೋ ಸೋತಾಗಲೂ ಅಷ್ಟೇ ದೊಡ್ಡದಿರಬೇಕು, ಗೆದ್ದವರಿಗೆ ಅಭಿನಂದನೆಯೂ ಇರಬೇಕು. ಸರಿಯಾಗಿ ಒಂದು ವರ್ಷದ ಬಳಿಕ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ರಾಹುಲ್ ಭೆಕೆ ಹೆಚ್ಚುವರಿ ಅವಧಿಯಲ್ಲಿ ತಲೆಯಿಂದ ಹೊಡೆದ ಗೋಲಿನಿಂದ ಎಫ್‌ಸಿ ಗೋವಾ ತಂಡವನ್ನು ಮಣಿಸಿ ಕ್ಲಬ್ ಪ್ರಶಸ್ತಿ ಗೆದ್ದಿತು. ಆ ಸಂಭ್ರಮದ ಮಾತನ್ನು ಜನ ಪೂರ್ತಿ ನಂಬಬೇಕಾದರೆ ಹಿಂದಿನ ವರ್ಷ ನೇರವಾಗಿ ಮಾತನಾಡಿರಬೇಕಲ್ಲವೇ?

ಸೋತ ರಾತ್ರಿ ನನಗೆ ಅತಿ ಕಷ್ಟವೆನಿಸುವುದು ಮಿಕ್ಸ್ಡ್ ಝೋನ್. ಆಟಗಾರರು ಬಸ್ಸಿಗೆ ಹೋಗುವ ದಾರಿಯಲ್ಲಿ ವರದಿಗಾರರು ನಿಂತಿರುತ್ತಾರೆ. ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದ ಇಪ್ಪತ್ತರ ಹುಡುಗನೇ ಎಲ್ಲರಿಗೂ ಬೇಕು. ಅವನನ್ನು ನಾನು ನಿಲ್ಲಿಸುವುದಿಲ್ಲ. ನಾಯಕನನ್ನೋ ಹಿರಿಯ ಡಿಫೆಂಡರ್‌ನನ್ನೋ ಕೇಳಿಕೊಳ್ಳುತ್ತೇನೆ. ಹಿರಿಯರು ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಒಂದೆರಡು ನಿಮಿಷ ಕೊಡಿ, ಮುಖ ತೊಳೆದು ಬರುತ್ತೇನೆ ಎನ್ನುತ್ತಾರೆ. ಆ ಒಂದೆರಡು ನಿಮಿಷವನ್ನು ವರದಿಗಾರರಿಂದ ಪಡೆದುಕೊಡುವುದು ನನ್ನ ಹೊಣೆ. ಹುಡುಗನ ಬಳಿ ಹೋಗಿ, ಇವತ್ತು ರಾತ್ರಿ ಮೊಬೈಲ್ ತೆರೆಯಬೇಡಪ್ಪ ಎನ್ನುತ್ತೇನೆ.

ಅಷ್ಟರಲ್ಲಿ ಪತ್ರಿಕೆಗಳಿಗೆ ಗಡುವು ಹತ್ತಿರವಾಗಿರುತ್ತದೆ. ಸಂಜೆ ಏಳೂವರೆಗೆ ಶುರುವಾದ ಪಂದ್ಯ ಮುಗಿಯುವಾಗ ಒಂಬತ್ತೂವರೆ ಸಮೀಪಿಸುತ್ತದೆ. ಕೋಚ್ ಬಂದು ಕೂರುವವರೆಗೆ ಜಿಲ್ಲಾ ಆವೃತ್ತಿಗಳು ಕಾಯುವುದಿಲ್ಲ. ಅದಕ್ಕೇ ಕನ್ನಡ ಪತ್ರಿಕೆಗಳಿಗೆ ಚಿಕ್ಕ ವರದಿ ಮತ್ತು ಚಿತ್ರವನ್ನು ಸೀಟಿ ಊದಿದ ಕೂಡಲೇ ಕಳಿಸುತ್ತೇನೆ, ಕೋಚ್ ಹೇಳಿಕೆ ಆಮೇಲೆ. ಎದುರಾಳಿಯ ಗೋಲು ಯಾವ ಕಡೆಯಿಂದ ಬಂತು, ಯಾರ ಪಾಸ್ ಎಂಬುದನ್ನೂ ಅದರಲ್ಲಿ ಬಿಡದೆ ಬರೆದಿರುತ್ತೇನೆ.