ಪೆಲೆಟ್ ಒಲೆ: ಚೀಲದ ಮೇಲೆ ಬರೆಯದ ಖರ್ಚನ್ನು ಲೆಕ್ಕ ಹಾಕುವುದು ಹೇಗೆ?

ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳೇ ಪೆಲೆಟ್; ಅದನ್ನು ಉರಿಸಿ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದು ಪೆಲೆಟ್ ಒಲೆ. ಅದನ್ನು ಮಾರುವವರು ಮೊದಲು ಹೇಳುವುದು ಪೆಲೆಟ್ ಚೀಲದ ಬೆಲೆ. ಕೊಳ್ಳುವವರೂ ಅದನ್ನೇ ಗುಣಿಸಿ ನೋಡಿ ಖುಷಿಪಡುತ್ತಾರೆ. ಒಂದು ಹಾಳೆ ತೆಗೆದುಕೊಳ್ಳಿ, ಉಳಿದದ್ದನ್ನೂ ಬರೆಯೋಣ.

ಮೊದಲಿಗೆ ಪೆಲೆಟ್ ಎಷ್ಟು ಬೇಕು? ಒಳ್ಳೆಯ ಒಣ ಪೆಲೆಟ್ಟಿನ ಒಂದು ಕಿಲೋದಲ್ಲಿ ಸುಮಾರು 4.8 ಯೂನಿಟ್ (ಕಿಲೋವ್ಯಾಟ್ ಗಂಟೆ) ಶಾಖವಿದೆ. ಅದರಲ್ಲಿ ಒಂದು ಪಾಲು ಚಿಮಣಿ ಹತ್ತಿ ಹೋಗುತ್ತದೆ. ಚಳಿಗಾಲಕ್ಕೆ ಮನೆಗೆ 12,000 ಯೂನಿಟ್ ಬೇಕು, ಒಲೆಯ ದಕ್ಷತೆ ಶೇ 85 ಎಂದಿಟ್ಟುಕೊಳ್ಳಿ: ಸುಮಾರು 2,940 ಕಿಲೋ, ಅಂದರೆ 15 ಕಿಲೋದ 196 ಚೀಲ. ಸಾಗಣೆ ಕೂಲಿ ಸೇರಿಸಿ. ಅಷ್ಟು ಚೀಲಗಳನ್ನು ಒಲೆಯವರೆಗೆ ಹೊರುವ ಬೆನ್ನು ಯಾರದು ಎಂಬುದನ್ನೂ ಈಗಲೇ ತೀರ್ಮಾನಿಸಿ.

ಮುಂದಿನದು ಕರೆಂಟು. ಪೆಲೆಟ್ ತಳ್ಳುವ ತಿರುಪು, ಫ್ಯಾನು, ಬೆಂಕಿ ಹೊತ್ತಿಸುವ ಕಾಯಿಲ್ ಎಲ್ಲಕ್ಕೂ ವಿದ್ಯುತ್ ಬೇಕು. 80 ವ್ಯಾಟಿನಂತೆ ದಿನಕ್ಕೆ 10 ಗಂಟೆ, 150 ದಿನ ಉರಿದರೆ 120 ಯೂನಿಟ್. ಮೊತ್ತ ಸಣ್ಣದು. ಆದರೆ ಕರೆಂಟು ಹೋದರೆ ಸಾಮಾನ್ಯ ಪೆಲೆಟ್ ಒಲೆ ಆರುತ್ತದೆ. ಕರೆಂಟು ಪದೇ ಪದೇ ಕೈಕೊಡುವ ಕಡೆ ಬ್ಯಾಟರಿಯ ಬೆಲೆಯೂ ಹಾಳೆಗೆ ಬರಬೇಕು.

ಬಹಳ ಜನ ಎಡವುವುದು ದಾಸ್ತಾನಿನಲ್ಲಿ. ಒಂದು ಟನ್ ಪೆಲೆಟ್ಟಿಗೆ ಸುಮಾರು ಒಂದೂವರೆ ಘನ ಮೀಟರ್ ಜಾಗ ಬೇಕು. ಪೆಲೆಟ್ ಒತ್ತಿ ಗಟ್ಟಿ ಮಾಡಿದ ಪುಡಿಯಷ್ಟೇ. ನೀರು ತಾಗಿದರೆ ಉಬ್ಬಿ ಮತ್ತೆ ಪುಡಿಯಾಗುತ್ತದೆ. ಹಾಗಾದ ಚೀಲಕ್ಕೆ ಕೊಟ್ಟ ದುಡ್ಡು ಹೋದಂತೆಯೇ. ಸೋರುವ ಶೆಡ್ಡಿನ ರಿಪೇರಿ, ನೆಲದಿಂದ ಎತ್ತರಿಸುವ ಹಲಗೆ ಎರಡೂ ಇಂಧನದ ಖರ್ಚೇ. ಸಡಿಲವಾಗಿ ಸುರಿದಿಡುವ ಕೋಣೆಯಾದರೆ ಇನ್ನೂ ಎಚ್ಚರ ಬೇಕು. ಉರಿಯದೆ ಸುಮ್ಮನೆ ಬಿದ್ದಿರುವ ಪೆಲೆಟ್ ಕೂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಅಂಥ ಕೋಣೆಗೆ ಇಳಿದು ಸತ್ತವರಿದ್ದಾರೆ. ಗಾಳಿಕಿಂಡಿ ಮತ್ತು ಅನಿಲ ಪತ್ತೆಯ ಅಲಾರಂ ವಿಷಯದಲ್ಲಿ ಜಿಪುಣತನ ಬೇಡ.

ನಿರ್ವಹಣೆಗೆ ಬನ್ನಿ. ವರ್ಷಕ್ಕೊಮ್ಮೆ ಚಿಮಣಿ ಗುಡಿಸಬೇಕು, ಮೆಕ್ಯಾನಿಕ್ ಬಂದು ಒಲೆ ಬಿಚ್ಚಿ ನೋಡಬೇಕು. ಹೊತ್ತಿಸುವ ಕಾಯಿಲ್, ಬಾಗಿಲಿನ ಗ್ಯಾಸ್ಕೆಟ್ ಸವೆಯುವ ಭಾಗಗಳು. ಅವಕ್ಕೆ ಪ್ರತಿ ವರ್ಷ ಒಂದಿಷ್ಟು ಎತ್ತಿಡಿ. ಬೂದಿ ಮಾತ್ರ ಪೆಲೆಟ್ಟಿನ ದರ್ಜೆಗೆ ತಕ್ಕಂತೆ. ಯೂರೋಪಿನ ಎ1 ದರ್ಜೆಯಲ್ಲಿ ಬೂದಿ ಶೇ 0.7 ಮೀರುವಂತಿಲ್ಲ; ನಮ್ಮ ಲೆಕ್ಕದಲ್ಲಿ ಸುಮಾರು 21 ಕಿಲೋ. ಶೇ 2 ಬೂದಿಯ ಅಗ್ಗದ ಮಾಲಾದರೆ 59 ಕಿಲೋ. ಅದರ ಜೊತೆಗೆ ಉರಿಬಟ್ಟಲಿನಲ್ಲಿ ಕಲ್ಲಿನಂತೆ ಕಟ್ಟುವ ಕಿಟ್ಟವನ್ನು ಕೆರೆಯುವ ಕೆಲಸ ಬೇರೆ. ಅಗ್ಗದ ಚೀಲ ನನ್ನ ಮಟ್ಟಿಗೆ ದುಬಾರಿಯೇ.

ಬೆಲೆಯ ಏರಿಳಿತಕ್ಕೂ ಒಂದು ಸಾಲು ಬಿಡಿ. ಯುಕ್ರೇನ್ ಯುದ್ಧ ಶುರುವಾದ 2022ರಲ್ಲಿ ರಷ್ಯಾ, ಬೆಲಾರೂಸ್‌ಗಳ ಮಾಲು ನಿಂತು, ಯೂರೋಪಿನ ಹಲವೆಡೆ ಪೆಲೆಟ್ ಬೆಲೆ ದುಪ್ಪಟ್ಟು ದಾಟಿತ್ತು. ಬೇಸಿಗೆಯಲ್ಲಿ ಕೊಂಡರೆ ಸಾಮಾನ್ಯವಾಗಿ ಅಗ್ಗ. ಆದರೆ ಇಡೀ ಚಳಿಗಾಲದ ದುಡ್ಡು ಒಂದೇ ಸಲ ಕೈಬಿಡುತ್ತದೆ.

ಕೊನೆಗೆ ಒಲೆ, ಚಿಮಣಿ, ಜೋಡಣೆಯ ಮೊತ್ತವನ್ನು ಒಲೆ ಬಾಳುವ ವರ್ಷಗಳಿಂದ ಭಾಗಿಸಿ, ಮೇಲಿನ ವಾರ್ಷಿಕ ಖರ್ಚಿಗೆಲ್ಲ ಕೂಡಿ. ಬಂದದ್ದನ್ನು 12,000ದಿಂದ ಭಾಗಿಸಿದರೆ ಒಂದು ಯೂನಿಟ್ ಶಾಖದ ನಿಜವಾದ ಖರ್ಚು ಸಿಗುತ್ತದೆ. ಗ್ಯಾಸ್, ಎಣ್ಣೆ, ಹೀಟ್ ಪಂಪುಗಳ ಪಕ್ಕ ಇಟ್ಟು ನೋಡಬೇಕಾದದ್ದು ಈ ಅಂಕಿಯನ್ನು. ಅವುಗಳಿಗೂ ರಿಪೇರಿ ಖರ್ಚು ಸೇರಿಸಲು ಮರೆಯಬೇಡಿ, ಇಲ್ಲದಿದ್ದರೆ ಪೆಲೆಟ್ಟಿಗೆ ಅನ್ಯಾಯವಾದೀತು.