ಕಲಬುರಗಿಯ ಅಂಗಳದಲ್ಲಿ ಮಗಳ ಗೋ-ಕಾರ್ಟ್: ನನ್ನ ಅನುಭವ

ಮಗಳು ಗೋ-ಕಾರ್ಟ್, ಅಂದರೆ ನೆಲಕ್ಕೆ ತಗ್ಗಿದ ಪುಟ್ಟ ರೇಸ್ ಗಾಡಿ, ಓಡಿಸುತ್ತಾಳೆ. ಟ್ರ್ಯಾಕ್ ಇರುವುದು ದೂರದಲ್ಲಿ: ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿ.ಮೀ., ಬೆಂಗಳೂರು ಅದರ ಎರಡೂವರೆ ಪಟ್ಟು. ಅಷ್ಟು ದೂರ ಹೋಗಿ ಸ್ಪ್ಯಾನರ್ ಹಿಡಿದು ಕೂತರೆ ದುಡ್ಡು ಕೊಟ್ಟ ಹೊತ್ತೆಲ್ಲ ಟ್ರ್ಯಾಕ್ ಪಕ್ಕದ ರಿಪೇರಿ ಜಾಗವಾದ ಪಿಟ್‌ನಲ್ಲೇ ಕಳೆದುಹೋಗುತ್ತದೆ. ಅದಕ್ಕೇ ಮಗಳ ಕಾರ್ಟಿನ ಮುಕ್ಕಾಲು ಕೆಲಸ ಮನೆಯ ಅಂಗಳದಲ್ಲೇ ಮುಗಿಸುತ್ತೇವೆ. ಎಂಜಿನ್ ರೋಟ್ಯಾಕ್ಸ್ ಜೂನಿಯರ್ ಮ್ಯಾಕ್ಸ್. 125 ಸಿಸಿ, ಟೂ-ಸ್ಟ್ರೋಕ್, ರೇಡಿಯೇಟರ್ ಇರುವಂಥದ್ದು.

ಮೊದಲು ಸೀಟು. ತಂದೆತಾಯಿ ಎಂಜಿನ್ ಬಗ್ಗೆ ತಲೆಕೆಡಿಸಿಕೊಳ್ಳುತ್ತಾರೆ, ಸೀಟನ್ನು ಮರೆಯುತ್ತಾರೆ. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡು ಚಕ್ರಗಳೂ ಒಂದೇ ಆಕ್ಸಲ್‌ಗೆ ಕಚ್ಚಿಕೊಂಡಿರುತ್ತವೆ. ತಿರುವಿನಲ್ಲಿ ಒಳಬದಿಯ ಹಿಂಚಕ್ರ ನೆಲದಿಂದ ತುಸು ಏಳಲೇಬೇಕು, ಇಲ್ಲದಿದ್ದರೆ ಗಾಡಿ ತಿರುಗದೆ ಮೂತಿ ನೇರಕ್ಕೆ ಹೋಗುತ್ತದೆ. ಆ ಏಳುವಿಕೆಗೆ ಮಗುವಿನ ತೂಕ ಎಲ್ಲಿ ಕೂತಿದೆ ಎನ್ನುವುದು ಬಹಳ ಮುಖ್ಯ. ಸೀಟ್ ಬೆಲ್ಟ್ ಇಲ್ಲದ ಗಾಡಿಯಾದ್ದರಿಂದ ಸೊಂಟ ಬಿಗಿಯಾಗಿ ಕೂರಬೇಕು. ಅಳತೆ ತೆಗೆದುಕೊಳ್ಳುವಾಗ ಪಕ್ಕೆಲುಬಿನ ಗಾರ್ಡ್ ಹಾಕಿಸಿಯೇ ಕೂರಿಸಿ. ಪೆಡಲ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಬೆಳೆಯುವ ಮಗು, ಆದ್ದರಿಂದ ಆರು ತಿಂಗಳಿಗೊಮ್ಮೆ ಇದನ್ನೆಲ್ಲ ಮತ್ತೆ ನೋಡುತ್ತೇವೆ. ಸೀಟಿನ ಬೋಲ್ಟ್ ಸಡಿಲವಾದರೆ ಗಾಡಿ ಪ್ರತಿ ಸುತ್ತಿಗೂ ಬೇರೆ ಬೇರೆ ರೀತಿ ವರ್ತಿಸುತ್ತದೆ. ರೇಸಿನ ನಿಯಮದ ಕನಿಷ್ಠ ತೂಕಕ್ಕೆಂದು ಸೇರಿಸುವ ಸೀಸದ ತುಂಡುಗಳಿಗೆ ದೊಡ್ಡ ವಾಷರ್ ಹಾಕದಿದ್ದರೆ ಸೀಟಿನ ಫೈಬರ್ ಸೀಳುತ್ತದೆ.

ಒಂದೊಂದು ಚಕ್ರದ ಮೇಲೆ ಬೀಳುವ ತೂಕ ನೋಡಲು ನಮ್ಮೂರಿನ ಶಹಾಬಾದಿ ಫರಸಿ ನೆಲ ಒಳ್ಳೆಯದು, ಆದರೆ ಅದು ಮಟ್ಟವಾಗಿದೆ ಎಂದು ನಂಬಿ ಕೂರಬಾರದು. ನೀರು ಹರಿದುಹೋಗಲೆಂದು ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಗೌಂಡಿಗಳು ಮಟ್ಟ ನೋಡಲು ಬಳಸುವ ನೀರಿನ ಪೈಪಿನಿಂದ ನಾಲ್ಕು ಚಕ್ರದ ಜಾಗ ಗುರುತಿಸಿ, ತಗ್ಗಿದ್ದಲ್ಲಿ ತೆಳು ಹಲಗೆ ಕೊಟ್ಟು, ಮೇಲೆ ಒಂದೇ ಮಾದರಿಯ ನಾಲ್ಕು ತೂಕದ ಮಷಿನ್ ಇಡುತ್ತೇವೆ. ಮಗಳು ಹೆಲ್ಮೆಟ್, ಸೂಟ್ ಸಮೇತ ಕೂರಬೇಕು, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇರಬೇಕು, ಸ್ಟೀರಿಂಗ್ ನೇರವಾಗಿರಬೇಕು. ಸ್ಟೀರಿಂಗ್ ಕೊಂಚ ತಿರುಗಿದ್ದರೂ ಮುಂದಿನ ಒಂದು ಮೂಲೆ ಕೆಳಗಿಳಿದು ಲೆಕ್ಕವೆಲ್ಲ ಕೆಡುತ್ತದೆ. ಮುಂದೆ 43, ಹಿಂದೆ 57 ಶೇಕಡಾದ ಆಸುಪಾಸು ಬಂದರೆ ಅಲ್ಲಿಂದ ಶುರುಮಾಡಬಹುದು. ಮುಂದಿನ ಎಡ-ಬಲ ತೂಕ ಎಷ್ಟು ಮಾಡಿದರೂ ಸರಿಹೊಂದದಿದ್ದರೆ ಚಾಸಿ (ಗಾಡಿಯ ಪೈಪಿನ ಚೌಕಟ್ಟು) ಬಾಗಿದೆಯೇ ನೋಡಿ. ಮುಂಚಕ್ರಗಳ ನಡುವಿನ ಅಂತರ ಹಿಂಬದಿಗಿಂತ ಮುಂಬದಿಯಲ್ಲಿ 1–2 ಮಿ.ಮೀ. ಹೆಚ್ಚಿರಲಿ. ಬೇರೆ ಗಾಡಿಗೆ ತಾಗಿ ಬಂದ ಮೇಲೆ ಮೊದಲು ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಮುಟ್ಟಿ ನೋಡಬೇಕು.

ಟೂ-ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ ಬೆರೆಸುವ ಎಣ್ಣೆ ಎರಡು ಶೇಕಡಾ, ಅಂದರೆ 5 ಲೀಟರ್ ಪೆಟ್ರೋಲಿಗೆ 100 ಮಿ.ಲೀ. ಅಂದಾಜಿಗೆ ಸುರಿಯಬೇಡಿ, ಅಳತೆ ಪಾತ್ರೆ ಬಳಸಿ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ತೂತಿನ ಜೆಟ್ ವಿಷಯದಲ್ಲಿ ಊರು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್, ಕೊಯಮತ್ತೂರು ಅದರ ಅರ್ಧಕ್ಕಿಂತ ತುಸು ಕಡಿಮೆ. ಎತ್ತರದಲ್ಲಿ ಗಾಳಿ ತೆಳು, ಬಿಸಿಲೇರಿದಾಗಲೂ ತೆಳು. ಎರಡಕ್ಕೂ ಸಣ್ಣ ಮೇನ್ ಜೆಟ್. ಅದನ್ನೇ ಮರುದಿನದ ತಂಪು ಬೆಳಗಿನಲ್ಲೂ ಬಿಟ್ಟರೆ ಪೆಟ್ರೋಲ್ ಸಾಲದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸಂದೇಹ ಬಂದರೆ ದೊಡ್ಡ ಜೆಟ್ಟೇ ಇರಲಿ: ಸ್ವಲ್ಪ ನಿಧಾನವಾದೀತು, ಎಂಜಿನ್ ಉಳಿಯುತ್ತದೆ. ಸ್ಪಾರ್ಕ್ ಪ್ಲಗ್ ಚಹಾದ ಬಣ್ಣಕ್ಕಿದ್ದರೆ ಸರಿ; ಬೆಳ್ಳಗಿದ್ದರೆ ಪೆಟ್ರೋಲ್ ಕಮ್ಮಿ, ಕಪ್ಪಗೆ ಒದ್ದೆಯಿದ್ದರೆ ಜಾಸ್ತಿ. ರೇಡಿಯೇಟರ್‌ಗೆ ಬರೀ ನೀರು ಹಾಕುತ್ತೇವೆ. ಕೂಲಂಟ್ ಸೋರಿದರೆ ಟ್ರ್ಯಾಕ್ ಜಾರುತ್ತದೆಂದು ರೇಸಿನಲ್ಲಿ ಅದಕ್ಕೆ ಅನುಮತಿ ಇರುವುದಿಲ್ಲ.

ಟೈರಿಗೆ ತಣ್ಣಗಿರುವಾಗ 10–12 ಪಿಎಸ್ಐ ಗಾಳಿ. ಪಂಕ್ಚರ್ ಅಂಗಡಿಯ ಗೇಜಿನಲ್ಲಿ ಇಷ್ಟು ಸಣ್ಣ ವ್ಯತ್ಯಾಸ ಕಾಣುವುದಿಲ್ಲ. 0–30ರದ್ದು ಬೇರೆ ಕೊಳ್ಳಬೇಕು. ಬಿಸಿಲಲ್ಲಿ ನಿಂತ ಪಿಕಪ್‌ನಿಂದ ಇಳಿಸಿದ ಟೈರಿನ ಒತ್ತಡ ನೋಡಿ ಮೋಸಹೋಗಬೇಡಿ, ಅರ್ಧ ಗಂಟೆ ನೆರಳಲ್ಲಿಡಿ.

ಹುಮನಾಬಾದ್, ಜಹೀರಾಬಾದ್ ದಾರಿಯಲ್ಲಿ ಪಿಕಪ್‌ನ ಅದುರಿಕೆಗೆ ನಟ್‌ಗಳು ಸಡಿಲವಾಗುತ್ತವೆ. ಪ್ರತಿ ನಟ್ಟಿನಿಂದ ಚಾಸಿಗೆ ಬಿಳಿ ಉಗುರುಬಣ್ಣದ ಗೆರೆ ಎಳೆದಿಟ್ಟರೆ ತಿರುಗಿದ್ದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹಗ್ಗ ಕಟ್ಟುವುದು ಚಾಸಿ ಪೈಪಿಗೆ ಮಾತ್ರ, ಆಕ್ಸಲ್‌ಗೂ ಸ್ಟೀರಿಂಗ್‌ಗೂ ಬೇಡ. ಟ್ಯಾಂಕು, ಕಾರ್ಬ್ಯುರೇಟರ್ ಖಾಲಿ ಮಾಡಿಯೇ ಹೊರಡಿ.

ನಮ್ಮ ಎರೆಮಣ್ಣಿನ ಧೂಳು ಆಕ್ಸಿಲರೇಟರಿನ ಥ್ರಾಟಲ್ ಕೇಬಲ್‌ನೊಳಗೆ ಸೇರುತ್ತದೆ. ಪೆಡಲ್ ಬಿಟ್ಟಾಗ ಸ್ಪ್ರಿಂಗ್ ಟಕ್ಕನೆ ಹಿಂದೆ ಬರದಿದ್ದರೆ ಆ ದಿನ ಮಗುವನ್ನು ಕೂರಿಸಲೇಬೇಡಿ, ಯಾರು ಏನೇ ಹೇಳಲಿ. ಚೈನ್ 10–15 ಮಿ.ಮೀ. ಆಡಬೇಕು. ಬ್ರೇಕು ಹಿಂದೆ ಮಾತ್ರ. ಮಕ್ಕಳು ಆಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕ್ ಹಿಡಿಯುತ್ತಾರೆ, ಪ್ಯಾಡ್ ಬೇಗ ಸವೆದರೆ ಕಾರಣ ಅದೇ.

ಮೇ ತಿಂಗಳಲ್ಲಿ ಅಭ್ಯಾಸ ಬೆಳಿಗ್ಗೆ ಹತ್ತರೊಳಗೆ ಮುಗಿಸುತ್ತೇವೆ. ಒಂದು ಸಲಕ್ಕೆ ಹತ್ತು ನಿಮಿಷ, ಆಮೇಲೆ ಸೂಟನ್ನು ಸೊಂಟದವರೆಗೆ ಇಳಿಸಿ ಓಆರ್‌ಎಸ್. ಜಡೆ ಸೂಟಿನೊಳಗೆ ಸೇರಿಸಿ ಪಿನ್ ಹಾಕಬೇಕು. ಹಿಂದೆ ತಿರುಗುವ ಆಕ್ಸಲ್ ಇದೆ. ಹೆಲ್ಮೆಟ್ ಮಕ್ಕಳ ರೇಸಿಂಗಿಗೆಂದೇ ಬರುವ ಸ್ನೆಲ್ ಸಿಎಂಆರ್ ಎಂಬ ಸುರಕ್ಷತಾ ಗುರುತಿನದು, ಹಗುರ; ದೊಡ್ಡವರದು ಹಾಕಿಸಿದರೆ ಕುತ್ತಿಗೆ ಸೋಲುತ್ತದೆ.

ಊರಿಗೆ ಬಂದ ಮರುದಿನ ಏರ್ ಫಿಲ್ಟರ್ ತೊಳೆದು ಎಣ್ಣೆ ಹಚ್ಚಿ, ಓಡಿದ ನಿಮಿಷಗಳನ್ನು ವಹಿಯಲ್ಲಿ ಕೂಡಿಸುತ್ತೇನೆ. ಲೆಕ್ಕ 50 ಗಂಟೆಗೆ ಹತ್ತಿರ ಬಂದರೆ ಎಂಜಿನ್ ಗಾಡಿಯಿಂದ ಇಳಿಸಿ ಸರ್ವೀಸ್‌ಗೆ ಕಳಿಸುವ ಸಮಯ. ಸೀಲ್ ಇರುವುದರಿಂದ ಎಂಜಿನ್ನಿನ ಒಳಭಾಗ ನಾವು ಬಿಚ್ಚುವಂತಿಲ್ಲ.